ಮೂರು ಪೌಂಡು ಕಡಿಮೆ

"ಸರಕಾರೀ ಕಾಟಾದ ಮ್ಯಾಲೂ ಅನುಮಾನ ಪಡೂದಾದ್ರ ಇನ್ನ ನಂಬೂದರ ಯಾವುದನ್ನ, ದತ್ತೂ?" ಎಂದು ತ್ರ್ಯಂಬಕರಾಯರು ಕೈಕೋಲಿನಿಂದ ನೆಲ ಕುಟ್ಟಿದರು. "ಇದು ಹುಬ್ಬಳ್ಳಿ ಟೇಶನ್ನು. ಇಲ್ಲೆ ಒಂದು ಪೌಂಡು ಕಡಿಮಿ ತೋರಿಸಿದ್ರ ರೇಲ್ವೇದವರಿಗೆ ಲುಕ್ಸಾನು. ಬಿಟ್ಟಾರೇನು ಅವರು?"

"ಅನುಮಾನ ಅಂತ ನಾ ಎಲ್ಲೆ ಅಂದೆನಪ್ಪಾ? ಇನ್ನೊಮ್ಮೆ ನೋಡೂಣಂದೆ, ಅಷ್ಟ."

ದತ್ತುವಿನ ಹೆಂಡತಿ ಸುಹಾಸಿನಿ ಇನ್ನೂ ತೂಕದ ಕಾಟಾದ ಮೇಲೆಯೇ ನಿಂತಿದ್ದಳು. ಅವಳ ಎಡಕ್ಕೆ ಗೋಣಿತಟ್ಟಿನಲ್ಲಿ ಹೊಲಿದಿಟ್ಟ ಉಪ್ಪಿನಕಾಯಿ ಭರಣಿಗಳು, ಬಲಕ್ಕೆ ರಿಪೇರಿಗೆಂದು ಮಿರಜಿಗೆ ಹೊರಟ ಒಂದು ತಂಬೂರಿ. ಪಾರ್ಸೆಲ್ ಆಫೀಸಿನ ಕಟಕಟೆಯ ಆಚೆ ಗುಮಾಸ್ತ ಚಹಾ ಬಸಿಗೆ ಸುರಿದುಕೊಂಡು, ಕುಡಿಯುವುದನ್ನು ಮರೆತು ಇವಳನ್ನೇ ನೋಡುತ್ತಿದ್ದ. ಹಮಾಲ ಮಕಬೂಲಸಾಬ ಮಾತ್ರ ಕಣ್ಣು ಕೆಳಗಿಟ್ಟುಕೊಂಡು ಹಿತ್ತಾಳೆಯ ಗುಂಡನ್ನು ದಂಡಿಗೆಯ ಮೇಲೆ ಹಿಂದೆ ಸರಿಸಿ, ಮುಂದೆ ಸರಿಸಿ, ಬಿಟ್ಟ. ದಂಡಿಗೆ ಎರಡು ಸಲ ತಲೆಯಾಡಿಸಿ ನಡುವಿಗೆ ಬಂದು ನಿಂತಿತು.

"ತೊಂಬತ್ತೆರಡ್ರೀ ರಾಯರ. ಮೊದಲ ಹೇಳಿದ್ನಲ್ಲರಿ, ಅಷ್ಟ ಐತಿ," ಎಂದ ಅವನು. "ಅಕ್ಕಾರು ಇಳದ್ರ ಭರಣಿ ಏರಸ್ತಿದ್ನಿರಿ. ಗಾಡಿ ಬರೂ ಹೊತ್ತಾತು."

"ಮೂರು ಪೌಂಡು ಕಡಿಮಿ," ಎಂದರು ರಾಯರು. ಅದನ್ನು ಅವರು ಸೊಸೆಗೆ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ. ಬರೀ ದಂಡಿಗೆಗೆ ಹೇಳಿದರು.

ಸುಹಾಸಿನಿ ಇಳಿದಳು. ಅವಳು ಇಳಿದ ಜಾಗಕ್ಕೆ ಭರಣಿ ಏರಿತು.

*

ಧಾರವಾಡದ ಗಾಡಿಯಲ್ಲಿ ರಾಯರು ಕಿಟಕಿಯ ಹತ್ತಿರ ಕೂತು ಕಣ್ಣು ಮುಚ್ಚಿಕೊಂಡರು. ದತ್ತು ಹೆಂಡತಿಯ ಪಕ್ಕದಲ್ಲಿ, ನಡುವೆ ಒಂದು ಗೇಣು ಜಾಗ ಬಿಟ್ಟು ಕೂತ. ಉಣಕಲ್ಲು ದಾಟಿದ ಮೇಲೆ ಮೆಲ್ಲಗೆ ಅಂದ:

"ಬ್ಯಾಸರ ಮಾಡ್ಕೋಬ್ಯಾಡ."

"ನನಗ ಬ್ಯಾಸರ ಆಗಿಲ್ಲ. ಸಿಟ್ಟು ಬಂದದ."

"ಯಾರ ಮ್ಯಾಲ?"

"ಅದನ್ನ ಹುಡಕಲಿಕ್ಕತ್ತೇನಿ."

ದತ್ತು ಕಣ್ಣು ಮುಚ್ಚಿದ ಅಪ್ಪನ ಕಡೆ ನೋಡಿ, ಇನ್ನೊಂದು ಗೇಣು ಸರಿದು ಕೂತ. ಹೆದರಿದಾಗ ಸರಿದು ಕೂಡುವುದು ಅವನ ಸ್ವಭಾವ. ಕೆಟ್ಟವನಲ್ಲ. ಹೆಂಡತಿಗೆ ಹಾಲು ಕುದಿಸಿ ಕೊಡುತ್ತಿದ್ದ, ಅಪ್ಪ ಮನೆಯಲ್ಲಿಲ್ಲದಾಗ.

ಈ ತೂಕದ ಕಥೆ ಶುರುವಾದದ್ದು ಬಾಣಂತನದ ಜ್ವರದಿಂದ. ಕೂಸು ಹುಟ್ಟಿ ಐದಾರು ತಿಂಗಳಾದರೂ ಸುಹಾಸಿನಿಗೆ ಸಂಜೆಯ ಜ್ವರ ಬಿಡಲಿಲ್ಲ. ಆಮೇಲೆ ಕೆಮ್ಮು ಸೇರಿಕೊಂಡಿತು. ಮಾಳಮಡ್ಡಿಯ ಆ ಓಣಿಯಲ್ಲಿ ಕೆಮ್ಮು ಅಂದರೆ ಜನ ಕಿಟಕಿ ಮುಚ್ಚುತ್ತಿದ್ದ ಕಾಲ ಅದು. ಯಜ್ಞೇಶ್ವರ ಡಾಕ್ಟರು ಎದೆಗೆ ಕೊಳವೆ ಹಚ್ಚಿ, ಬೆನ್ನು ಬಡಿದು, ಕೈ ತೊಳೆದುಕೊಂಡು ಹೇಳಿದ್ದರು: "ಅದ ಅಂತ ಹೇಳಲಾರೆ, ಅಲ್ಲ ಅಂತನೂ ಹೇಳಲಾರೆ ರಾಯರ. ತೂಕ ನೋಡಕೋತ ಹೋಗ್ರಿ. ಏರಿದ್ರ ಕೂಸನ್ನ ತಾಯಿ ಹತ್ರ ಕೊಡ್ರಿ. ಇಳೀತಂದ್ರ ತಡಾ ಮಾಡಬ್ಯಾಡ್ರಿ, ಮಿರಜಿಗೆ ಕರಕೊಂಡು ಹೋಗ್ರಿ. ಕ್ಷಯದವರನ್ನ ಅಲ್ಲೆ ಇಟಗೋತಾರ."

ಅವತ್ತೇ ಮಿನೂಳನ್ನು, ಅಂದರೆ ಕೂಸನ್ನು, ಎದುರು ಸಾಲಿನಲ್ಲಿದ್ದ ದತ್ತುವಿನ ಅಕ್ಕ ಅಂಬಕ್ಕನ ಮನೆಗೆ ಕಳಿಸಿದರು. ನಡುವೆ ಒಂದು ಓಣಿ. ಕೂಸು ಅತ್ತರೆ ಇಲ್ಲಿ ಕೇಳಿಸುತ್ತಿತ್ತು. ಹಾಲು ಬತ್ತಿಹೋದ ಎದೆಗೂ ಅದು ಕೇಳಿಸುತ್ತದೆ ಎಂಬುದು ಸುಹಾಸಿನಿಗೆ ಆಗ ಗೊತ್ತಾಯಿತು.

ತ್ರ್ಯಂಬಕರಾಯರು ಸಾಲಿಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ತೂಕ ಎಂಬ ಮಾತು ಕೇಳಿದ್ದೇ ಅವರ ಮೈಯಲ್ಲಿ ಹಳೇ ಹುರುಪು ಏರಿತು. ಯಾವ ಕಾಟಾ ಖರೇ, ಯಾವುದು ಸುಳ್ಳು ಎಂದು ಓಣಿಯ ಕಟ್ಟೆಯ ಮೇಲೆ ಎರಡು ದಿನ ಸಭೆ ನಡೆಯಿತು. ಒಬ್ಬರು ಕಟ್ಟಿಗೆ ಅಡ್ಡೆಯ ಕಾಟಾ ಅಂದರು. ಇನ್ನೊಬ್ಬರು, ಕಟ್ಟಿಗಿ ಒಣಾ ಇದ್ದರೂ ಹಸೀದಷ್ಟು ಭಾರ ತೋರಿಸೋ ಕಾಟಾ ಅದು ಅಂದರು. ಪೋಸ್ಟ್ ಆಫೀಸಿನದು ನಿಖರ, ಆದರ ನಿಮ್ಮ ಸೊಸೀನ್ನ ಲಕೋಟೆಯೊಳಗ ಹಾಕಬೇಕಾಗ್ತದ ಎಂದು ಮೂರನೆಯವರು ನಕ್ಕರು. ಒಳಗೆ ಅಕ್ಕಿ ಆರಿಸುತ್ತ ಕೂತ ಸುಹಾಸಿನಿಗೆ ಎಲ್ಲಾ ಕೇಳುತ್ತಿತ್ತು.

ಕಡೆಗೆ ಹುಬ್ಬಳ್ಳಿಯ ಹತ್ತಿ ಅಡತಿಯ ನೀಲಪ್ಪ, ರಾಯರ ಹಳೇ ವಿದ್ಯಾರ್ಥಿ, ತನ್ನ ಅಂಗಡಿಯ ಕಾಟಾಕ್ಕೆ ಕರೆದ. ರಾಯರು ಪಂಚಾಂಗ ತೆಗೆದು ನೋಡಿ, ಮೊದಲನೇ ತೂಕ ಉತ್ತರಾಯಣ ಪುಣ್ಯಕಾಲದಲ್ಲೇ ಆಗಲಿ, ಶುಭ, ಎಂದರು. ಸಂಕ್ರಾಂತಿಯ ದಿನ ಎಲ್ಲರೂ ಹೋಗಿ ನೀಲಪ್ಪನಿಗೆ ಎಳ್ಳು ಬೆಲ್ಲ ಕೊಟ್ಟು, ಸೊಸೆಯನ್ನು ತೂಗಿ ಬಂದರು. ತೊಂಬತ್ತೈದು ಪೌಂಡು.

ಶಿವರಾತ್ರಿಯ ಹೊತ್ತಿಗೆ ಅದೇ ಕಾಟಾ ತೊಂಬತ್ತೊಂದು ತೋರಿಸಿತು. ರಾಯರು ನಂಬಲಿಲ್ಲ. "ಹತ್ತಿ ಕೊಳ್ಳಾವರ ಕಾಟಾ ಯಾವಾಗಲೂ ಕಡಿಮೀನ ತೋರಸ್ತದ," ಎಂದರು. "ಮೊದಲನೇ ಸಲನೂ ಅದ ಕಾಟಾ ಅಲ್ಲೇನಪ್ಪಾ?" ಎಂದು ದತ್ತು ಕೇಳುವಷ್ಟರಲ್ಲಿ ರಾಯರು ಕೈಕೋಲು ಎತ್ತಿಕೊಂಡು ಹೊರಟಿದ್ದರು. ಮರುವಾರ ಧಾರವಾಡದ ಪ್ಯಾಟಿಯ ಕಿರಾಣಿ ಅಂಗಡಿಯಲ್ಲಿ, ಸರಪಳಿಗೆ ತೂಗುಬಿಟ್ಟ ತಕ್ಕಡಿಯ ಹಲಗೆಯ ಮೇಲೆ ಸುಹಾಸಿನಿ ಕುಕ್ಕರಗಾಲಿನಲ್ಲಿ ಕೂತಳು. ಅಂಗಡಿಯವನು ಆ ಕಡೆ ಕಬ್ಬಿಣದ ಕಲ್ಲು ಪೇರಿಸಿದ. ಬೆಲ್ಲ ಕೊಳ್ಳಲು ಬಂದ ಹೆಣ್ಣುಮಕ್ಕಳು ಬಾಯಿಗೆ ಸೆರಗು ಹಚ್ಚಿಕೊಂಡು ನೋಡಿದರು. ಸೇರುಗಳನ್ನು ಪೌಂಡಿಗೆ ತಿರುಗಿಸಲು ರಾಯರಿಗೆ ಒಂದು ಪಾಟಿ ತುಂಬ ಲೆಕ್ಕ ಬೇಕಾಯಿತು. ತೊಂಬತ್ತೊಂದೂವರೆ.

ಈಗ ಸರಕಾರಿ ಕಾಟಾ. ತೊಂಬತ್ತೆರಡು. ಮೂರೂ ಒಂದೇ ಮಾತು ಹೇಳಿದಂತಾಯಿತು. ಅರ್ಧರ್ಧ ಪೌಂಡಿನ ಫರಕು ಕಾಟಾ ಕಾಟಾಕ್ಕೆ ಇದ್ದದ್ದೇ ಎಂದು ರಾಯರು ತೀರ್ಮಾನಿಸಿದರು.

"ಮಾವನವರ," ಎಂದು ಸುಹಾಸಿನಿ ಧಾರವಾಡದ ಟೇಶನ್ನಿನಲ್ಲಿ ಇಳಿದಾಗ ಬಾಯಿ ಬಿಟ್ಟಿದ್ದಳು. "ನನಗ ಹಸಿವಿ ಆಗತದರಿ. ಎರಡೆರಡು ಭಕ್ಕರಿ ತಿಂತೇನಿ. ಕೆಮ್ಮು ನಿಂತು ಒಂದು ತಿಂಗಳ ಮ್ಯಾಲಾತು. ನಿನ್ನೆ ಬಾವಿ ನೀರು ನಾನ ಸೇದೇನಿ."

"ರೋಗಿ ಮಾತು ಪ್ರಮಾಣ ಅಂತ ಹಿಡೀಲಿಕ್ಕೆ ಬರೂದಿಲ್ಲವಾ," ಎಂದರು ರಾಯರು, ಬಹಳ ಮೆತ್ತಗೆ. ಆ ಮೆತ್ತಗಿನ ದನಿಗೇ ಅವಳಿಗೆ ಮೈ ಉರಿದುಹೋಯಿತು. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು.

*

ಮಿರಜಿಗೆ ಹೊರಡುವ ದಿನ ಬೆಳಿಗ್ಗೆ ಅತ್ತೆ ತಾರಾಬಾಯಿ ಟ್ರಂಕಿನ ಮುಚ್ಚಳ ತೆರೆದು ನೆಲದ ಮೇಲೆ ಕೂತರು. ತಾರಾಬಾಯಿಯ ನಡುವಿನ ಮಗಳು ಹಿಂದೆ ಇದೇ ಕೆಮ್ಮಿನಲ್ಲಿ ಹೋಗಿದ್ದಳು. ಆ ಮಗಳ ಹೆಸರನ್ನು ಅವರು ಹೇಳುತ್ತಿರಲಿಲ್ಲ, ಆದರೆ ಸೊಸೆಗೆ ಗಂಜಿ ಬಡಿಸುವಾಗ ಬೇಡವೆಂದರೂ ಇನ್ನೊಂದು ಸೌಟು ಸುರಿಯುತ್ತಿದ್ದರು. ನಾಲಿಗೆ ಮಾತ್ರ ಮೆತ್ತಗಾಗುತ್ತಿರಲಿಲ್ಲ.

"ಬಾ ಇಲ್ಲೆ. ಮೈಮ್ಯಾಲ ಏನೂ ಇಲ್ಲದ ಮುತ್ತೈದಿ ಊರು ದಾಟಬಾರದು. ಟೇಶನ್ ತನಕಾ ಹಾಕ್ಕೊಂಡು ಹೋಗು. ಅಲ್ಲೆ ತಗದು ನನ್ನ ಕೈಯಾಗ ಕೊಡು. ಆಸ್ಪತ್ರ್ಯಾಗ ಯಾರು ಕಾಯ್ತಾರ ಇದನ್ನ?"

"ಏನೂ ಬ್ಯಾಡರಿ ಅತ್ಯಾರ."

"ಬ್ಯಾಡನ್ನಲಿಕ್ಕೆ ನಿನ್ನ ಕೇಳಿದವರ್ಯಾರು? ಕೈ ಮುಂದ ಮಾಡು."

ಪಾಟ್ಲಿ, ಬಿಲ್ವರ ಕೈಗೇರಿದವು. ಪೈಜಣ ಕಾಲಿಗೆ. ಕಡೆಗೆ ತಾರಾಬಾಯಿ ಬೆಳ್ಳಿಯ ಡಾಬನ್ನು ಎರಡೂ ಕೈಯಿಂದ ಎತ್ತಿ ಸೊಸೆಯ ನಡುವಿಗೆ ಸುತ್ತಿದರು. ಕೊಂಡಿ ಕೂಡಲಿಲ್ಲ.

"ಹೊಟ್ಟಿ ಒಳಗ ತಗೋ."

"ತಗೊಂಡೇನ್ರಿ."

"ಇನ್ನಷ್ಟು ತಗೋವಾ. ಏನು ಉಂಡು ಕೂತೀ ಹೊತ್ತೇಳೂದರಾಗ?" ತಾರಾಬಾಯಿ ಮೊಣಕಾಲೂರಿ ಎಳೆದರು. ಕೊಂಡಿ ಹೇಗೋ ಕೂತಿತು. ಅವರು ಏದುಸಿರು ಬಿಟ್ಟು ಗೊಣಗಿದರು: "ಸಂಕ್ರಾಂತಿ ದಿನಾ ಇದು ಎಷ್ಟು ಸಡಲಾಗಿತ್ತಂದ್ರ, ಜಾರಿ ಬೀಳ್ತದಂತ ನಾನ ಒಳಗಿಂದ ದಾರಾ ಕಟ್ಟಿದ್ದೆ."

ಸುಹಾಸಿನಿ ಡಾಬಿನೊಳಗೆ ಬೆರಳು ತೂರಿಸಿ ನೋಡಿದಳು, ತೂರಲಿಲ್ಲ.

"ಅತ್ಯಾರ, ಸಂಕ್ರಾಂತಿ ದಿನಾ ನಾ ಈ ಡಾಬು ಹಾಕ್ಕೊಂಡು ಹೋಗಿದ್ನೇನ್ರಿ? ನೀಲಪ್ಪನ ಅಂಗಡಿಗೆ?"

"ಮತ್ತ? ಹಬ್ಬದ ದಿನಾ ನನ್ನ ಸೊಸೀನ್ನ ಬೋಳ ಮೈಲೆ ಆ ಅಡತ್ಯಾನ ಅಂಗಡಿಗೆ ಕಳಸ್ಲೇನು? ಡಾಬು, ಪೈಜಣ, ಪಾಟ್ಲಿ, ಬಿಲ್ವರ, ಕೊರಳಾಗ ಟೀಕಿ, ಆ ಹಸರ ಜರದ ಸೀರಿ. ಆ ಸೀರಿ ಹೊತ್ತು ನಡೀಲಿಕ್ಕನ ನಿನಗ ಆಗಲಾರದಂಗಾಗಿತ್ತು. ಓಣಿ ದಾಟೂದರಾಗ ಎರಡು ಸಲ ಕೂತಿದ್ದಿ, ಮರತೀಯೇನು?"

"ಶಿವರಾತ್ರಿಗೆ ಯಾಕ ಹಾಕಲಿಲ್ಲ?"

"ಬಳಿ ಕೈಯಾಗ ನಿಲ್ಲವಲ್ದಾಗಿತ್ತು. ಜನರ ಕಣ್ಣು ಬ್ಯಾರೆ. ಎಲ್ಲಾ ತಗದಿಟ್ಟೆ. ಹತ್ತೀ ಸೀರಿ ಉಟಗೊಂಡು ಹೋಗಂದೆ. ಯಾಕ, ಏನಾತೀಗ?"

ಸುಹಾಸಿನಿಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಅವಳು ಪಡಸಾಲೆಗೆ ನಡೆದಳು. ನಡೆದಂತೆಲ್ಲ ಪೈಜಣ ಘಲಘಲ ಅಂದವು. ಮಾವನ ಎದುರು ಹಾಗೆ ಸಪ್ಪಳ ಮಾಡಿಕೊಂಡು ಅವಳು ಎಂದೂ ಬಂದವಳಲ್ಲ.

ರಾಯರು ಹೋಲ್ಡಾಲಿನ ಪಟ್ಟಿ ಬಿಗಿಯುತ್ತಿದ್ದರು. ದತ್ತು ತಂಬಿಗೆಯ ಮುಚ್ಚಳ ತಿರುಪುತ್ತಿದ್ದ.

"ಮಾವನವರ, ಒಂದು ಮಾತು ಕೇಳ್ತೇನ್ರಿ. ಸಂಕ್ರಾಂತಿ ದಿನಾ ಕಾಟಾದ ಮ್ಯಾಲ ನಿಂತಾಗ ನಾ ಏನು ಉಟ್ಟಿದ್ದೆ?"

ರಾಯರು ಮುಖ ಆ ಕಡೆ ತಿರುಗಿಸಿದರು. "ಇದೆಂಥಾ ಪ್ರಶ್ನಿವಾ? ಸೊಸೀ ಸೀರಿ ನಾ ಯಾಕ ನೋಡಲಿ?"

"ನೀವು ಹೇಳ್ರಿ," ಎಂದು ಗಂಡನ ಕಡೆಗೆ ತಿರುಗಿದಳು.

ದತ್ತು ಅಪ್ಪನನ್ನು ನೋಡಿದ, ನೆಲ ನೋಡಿದ. "ಹಸರ... ಇಲ್ಲ, ಬೂದಿ ಬಣ್ಣದ್ದು... ನಾ ದಂಡಿಗಿ ನೋಡಲಿಕ್ಕತ್ತಿದ್ದೆ."

"ದಂಡಿಗಿ ನೋಡಲಿಕ್ಕತ್ತಿದ್ರಿ," ಎಂದಳು ಸುಹಾಸಿನಿ. "ಎಲ್ಲಾರೂ ದಂಡಿಗಿ ನೋಡಿದ್ರಿ. ನೀಲಪ್ಪ ದಂಡಿಗಿ ನೋಡಿದ, ಕಿರಾಣಿಯಂವಾ ಕಲ್ಲು ನೋಡಿದ, ಮಾವನವರು ಪಾಟಿ ನೋಡಿದ್ರು. ಕಾಟಾದ ಮ್ಯಾಲ ಒಂದು ಜೀವ ನಿಂತದ, ಅದರ ಮೈಮ್ಯಾಲ ಏನದ, ಏನಿಲ್ಲ, ಅದನ್ನ ನೋಡಾವರು ಒಬ್ಬರೂ ಇದ್ದಿದ್ದಿಲ್ಲ. ಮೈತುಂಬ ಬೆಳ್ಳಿ ಬಂಗಾರ ಹೇರಿ ತೂಗಿದ್ರಿ. ಆಮ್ಯಾಲ ಬೋಳು ಮಾಡಿ ತೂಗಿದ್ರಿ. ಇಳದಾಳ ಅಂದ್ರಿ. ಈ ಡಾಬು ನೋಡ್ರಿ, ಆಗ ದಾರಾ ಕಟ್ಟಿದ್ರು, ಈಗ ಕೊಂಡಿ ಕೂಡವಲ್ತು. ನನ್ನ ಕೂಸನ್ನ ಕಸಗೊಂಡು ಎರಡೂವರಿ ತಿಂಗಳು ನನ್ನ ಡಾಬಿನ ತೂಕಾ ಹುಡುಕ್ಯಾಡಿದ್ರೇನ್ರಿ ನೀವು?"

ಸೊಸೆ ಮಾವನ ಮುಂದೆ ಹೀಗೆ ಮಾತಾಡಿದ್ದು ಆ ಪಡಸಾಲೆ ಕೇಳಿರಲಿಲ್ಲ. ಒಳಬಾಗಿಲಲ್ಲಿ ತಾರಾಬಾಯಿ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಲೆಕ್ಕ ಗಂಡಸರದು ಎಂದು ಅವರು ಒಂದು ದಿನವೂ ಎಷ್ಟು ಪೌಂಡು ಎಂದು ಕೇಳಿರಲಿಲ್ಲ.

ರಾಯರ ಮುಖ ಕೆಂಪಾಯಿತು. ಬೈಯಲು ಬಾಯಿ ತೆರೆದರು. ಆದರೆ ತೆರೆದ ಬಾಯಿಯಲ್ಲೇ ಲೆಕ್ಕ ಶುರುವಾಯಿತು. ಅವರಿಗೆ ಅದನ್ನು ತಡೆಯಲಾಗಲಿಲ್ಲ.

"ತಡೀ, ತಡೀ. ಡಾಬು ಎಪ್ಪತ್ತು ತೊಲಿ ಮ್ಯಾಲದ. ಪೈಜಣ ಐವತ್ತರ ಇದ್ದಾವು. ನಾಲವತ್ತು ತೊಲಿ ಅಂದ್ರ ಹತ್ರಹತ್ರ ಒಂದು ಪೌಂಡು... ಜರದ ಸೀರಿ ಬ್ಯಾರೆ... ಬಂಗಾರ ಬ್ಯಾರೆ... ದತ್ತೂ! ಐದು ಪೌಂಡು ದಾಟ್ತದಲ್ಲೋ!" ಮುದುಕರ ಕಣ್ಣು ಹೊಳೆದವು. "ಅಂದ್ರ ಸಂಕ್ರಾಂತಿಗೆ ತೊಂಬತ್ತರ ಒಳಗ ಇದ್ದಾಳ. ಇಳದೇ ಇಲ್ಲ! ಏರಕೋತ ಬಂದಾಳ! ಮೂರೂ ಕಾಟಾ ಖರೇನ ಹೇಳ್ಯಾವ!"

"ಹೌದಪ್ಪಾ," ಎಂದ ದತ್ತು. ಅವನ ಕೈಯಲ್ಲಿದ್ದ ತಂಬಿಗೆಯ ನೀರು ಧೋತರದ ಮೇಲೆ ಚೆಲ್ಲುತ್ತಿತ್ತು.

"ಆದ್ರ ಅಂದಾಜಿನ ಮ್ಯಾಲ ಹೇಳಬಾರದು," ಎಂದು ರಾಯರು ಬೆರಳೆತ್ತಿದರು. "ಅವಸರ ಬ್ಯಾಡ. ನಮ್ಮ ಅಕ್ಕಸಾಲಿಗ್ಯಾನ ಕರಸೂಣ. ಅವನ ತಕ್ಕಡಿ ಗುಂಜಿ ಸುದ್ಧಾ ತಪ್ಪೂದಿಲ್ಲ. ದಾಗೀನಾ ಒಂದೊಂದ ತೂಗಿ, ಆಮ್ಯಾಲ ಸೀರಿ ತೂಗಿ, ಆಮ್ಯಾಲ ಇಕಿನ್ನ ಇನ್ನೊಮ್ಮೆ ಟೇಶನ್ನಿಗೆ..."

ಸುಹಾಸಿನಿ ಡಾಬಿನ ಕೊಂಡಿಗೆ ಕೈ ಹಾಕಿದಳು. ಬಿಗಿಯಾಗಿ ಕೂತಿದ್ದ ಕೊಂಡಿ ಸುಲಭಕ್ಕೆ ಬರಲಿಲ್ಲ. ಹಲ್ಲು ಕಚ್ಚಿ ಎಳೆದಳು. ಬೆರಳಿನ ಚರ್ಮ ತುಸು ಹರಿಯಿತು. ಬಂದ ಡಾಬನ್ನು ಅವಳು ಮಾವನ ಹೋಲ್ಡಾಲಿನ ಮೇಲೆ ಒಗೆದಳು.

"ಇನ್ನೊಂದು ತಕ್ಕಡಿ ಈ ಮನೀ ಹೊಸ್ತಲಾ ದಾಟಿ ಬರಲಿ," ಎಂದಳು, "ಹಿತ್ತಲ ಬಾವಿಗೆ ಒಗೀತೇನಿ. ನನ್ನನ್ನಲ್ಲ ಮಾವನವರ, ತಕ್ಕಡೀನ."

ದತ್ತು ಅಡ್ಡ ಬಂದ. "ಎಲ್ಲೆ ಹೊಂಟೀ? ಡಾಕ್ಟರನ್ನ ಒಂದು ಮಾತು ಕೇಳೂಣ. ನಾನ ಹೋಗಿ ಬರ್ತೇನಿ, ಈಗಿಂದೀಗ ಓಡಿ ಹೋಗಿ..."

"ಏರಿದ್ರ ಕೂಸು ಕೊಡ್ರಿ ಅಂತ ಡಾಕ್ಟರು ಹೇಳೇ ಆಗೇದ. ನೀವು ಓಡಿ ಹೋಗೂದಿದ್ರ ಹೋಗ್ರಿ. ನಾ ನಡಕೋತ ಹೋಗ್ತೇನಿ. ಒಂದು ಓಣಿ ಅದ."

*

ಹೊತ್ತು ಏರಿತ್ತು. ಓಣಿಯ ಕಟ್ಟೆಯ ಮೇಲಿನ ಸಭೆಯವರು ಮಾತು ನಿಲ್ಲಿಸಿದರು. ಬರಿಗಾಲಲ್ಲಿ, ತಲೆಯ ಮೇಲೆ ಸೆರಗಿಲ್ಲದೆ, ಪೈಜಣ ಕುಟ್ಟುತ್ತ ಹೋಗುವ ರಾಯರ ಸೊಸೆಯನ್ನೂ, ಅವಳ ಹಿಂದೆ ಸೀರೆಯ ನಿರಿಗೆ ಎತ್ತಿ ಹಿಡಿದುಕೊಂಡು ಬರುತ್ತಿದ್ದ ತಾರಾಬಾಯಿಯನ್ನೂ ನೋಡಿದರು. ಲಕೋಟೆಯ ಮಾತಾಡಿ ನಕ್ಕಿದ್ದವರು "ಗಾಡೀ ಹೊತ್ತಾತೇನವಾ?" ಎಂದು ಕೇಳಿದರು.

"ನೀವು ಹೋಗಿ ಬರ್ರಿ," ಎಂದಳು ಸುಹಾಸಿನಿ ನಿಲ್ಲದೆ. "ಟಿಕೀಟು ಮನ್ಯಾಗ ಅವ."

ಅಂಬಕ್ಕ ಬಾಗಿಲಲ್ಲೇ ಸಿಕ್ಕಳು. ಅವಳ ಕೈಯಲ್ಲಿ ಹಾಲಿನ ಒಳಲೆ ಇತ್ತು. ಇನ್ನೊಂದು ಕೈ ತಾನಾಗಿಯೇ ಚೌಕಟ್ಟು ಹಿಡಿಯಿತು.

"ಹೊರಗ ನಿಂದರು ಸುಹಾಸಿನೀ. ಅಲ್ಲಿಂದನ ನೋಡಿ ಹೋಗು. ತೋರಸ್ತೇನಿ."

"ನೋಡಲಿಕ್ಕೆ ಬಂದಿಲ್ಲರಿ. ಒಯ್ಯಲಿಕ್ಕೆ ಬಂದೇನಿ."

"ಡಾಕ್ಟರು ಹೂಂ ಅಂದ್ರೇನು? ಅಪ್ಪ ಹೂಂ ಅಂದನೇನು?"

"ನಾ ಅಂದೇನಿ."

"ಹಂಗ ಅಂದ್ರ ಹೆಂಗವಾ? ನನ್ನ ಹುಡುಗರೂ ಇಲ್ಲೆ ಆಡಕೊಂಡು ಇರ್ತಾವ. ನಾ ಕೆಟ್ಟಾಕಿ ಅಂತ ತಿಳೀಬ್ಯಾಡ. ನನಗೂ ಅಂಜಿಕಿ ಇರ್ತದೋ ಇಲ್ಲೋ? ನಮ್ಮ ತಂಗಿ ಹೋದಾಗ ನಾನ ತಲಿದೆಸಿಗೆ ಕೂತಾಕಿ."

"ಅಂಜಿಕಿ ಇದ್ರ ಲಗೂ ಕೊಡ್ರಿ. ನಾ ನಿಮ್ಮ ಹೊಸ್ತಲಾ ದಾಟೂದಿಲ್ಲ. ತಂದು ಕೊಡ್ರಿ."

ಅಂಬಕ್ಕ ತಾಯಿಯ ಮುಖ ನೋಡಿದಳು. ತಾರಾಬಾಯಿ ಇನ್ನೂ ಏದುಸಿರಿನಲ್ಲಿದ್ದರು. ಸೊಸೆಗೆ ಅಡ್ಡ ಬರಲಿಲ್ಲ. ಅಂಬಕ್ಕ ಒಳಗೆ ಹೋಗಿ, ಕೂಸಿನ ಬಾಯಿ ಒರೆಸಿ ತಂದು ಹೊಸ್ತಿಲಿನ ಮೇಲಿಂದಲೇ ಚಾಚಿದಳು.

ಸುಹಾಸಿನಿ ತೆಗೆದುಕೊಂಡಳು. ಮಿನೂ ಒಂದು ಕ್ಷಣ ಈ ಹೊಸ ಮುಖವನ್ನೂ, ಕಿವಿಯನ್ನೂ, ಬಿಚ್ಚಿದ ಕೂದಲನ್ನೂ ನೋಡಿತು. ಆಮೇಲೆ ತುಟಿ ಬಿರಿಯಿತು. ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗಿತು, ಕಾಲು ಬಡಿಯಿತು, ಓಣಿಯೆಲ್ಲ ಕೇಳುವಂತೆ ಚೀರಿತು. ಸುಹಾಸಿನಿ ಬಿಡಲಿಲ್ಲ. ಬಾಗಿಲ ಕಟ್ಟೆಯ ಅಂಚಿಗೆ ಕುಸಿದು ಕೂತು, ಎರಡೂ ಕೈಯಿಂದ ಅವಚಿಕೊಂಡಳು. ಅವಳ ಹರಿದ ಬೆರಳಿನ ರಕ್ತ ಕೂಸಿನ ಅಂಗಿಗೆ ಚುಕ್ಕೆಯಾಗಿ ಹತ್ತಿತು.

"ನಿನ್ನ ಗುರುತು ಹತ್ತವಲ್ತು ಅದಕ್ಕ," ಎಂದಳು ಅಂಬಕ್ಕ, ಅಳುದನಿಯಲ್ಲಿ. "ಉಸುರು ಹಿಡದದ ನೋಡು, ಮೈ ನೀಲಿ ಆಗಲಿಕ್ಕತ್ತೇದ. ಅವ್ವಾ, ನೀನರ ತಗೋವಾ!"

ಕೂಸು ದಿನಾ ಎರಡು ಹೊತ್ತು ತನ್ನನ್ನು ಆಡಿಸಲು ಬರುತ್ತಿದ್ದ ಅಜ್ಜಿಯನ್ನು ಕಂಡಿತು. ಉಸಿರು ಬಿಟ್ಟು ಮತ್ತೆ ಚೀರುತ್ತ ಎರಡೂ ಕೈ ಅವರ ಕಡೆಗೆ ಚಾಚಿತು. ತಾರಾಬಾಯಿ ತೋಳು ಅರ್ಧ ಮುಂದೆ ಮಾಡಿದರು. ಅಷ್ಟರಲ್ಲಿ ಸೊಸೆ ತಲೆಯೆತ್ತಿದಳು. ತಾರಾಬಾಯಿ ತಮ್ಮ ಕೈಗಳನ್ನು ಮೆಲ್ಲಗೆ ಹಿಂದಕ್ಕೆಳೆದು, ಬೆನ್ನ ಹಿಂದೆ ಒಂದರೊಳಗೊಂದು ಕಟ್ಟಿಕೊಂಡು ನಿಂತರು.